ಕುರಿಹಿಂಡಿನ ಹಿಂದೆ ಹೋದ ಡಾಕ್ಟರು

ಮಾಯಾ ಎಂ.ಬಿ.ಬಿ.ಎಸ್. ಮುಗಿಸಿದಾಗ ಮಮದಾಪುರದ ಕುರಿಗಾರರೆಲ್ಲ, ಇನ್ನು ಗೋಕಾಕದಲ್ಲಿ ಇವಳ ದವಾಖಾನೆ ಆದಂತೆಯೇ ಎಂದುಕೊಂಡಿದ್ದರು. ಅವಳು ಮಾತ್ರ ಮಲೇರಿಯಾ ಸಂಶೋಧನೆಗೆ ಸೇರುತ್ತೇನೆ ಎಂದಳು. ತಂದೆ ಕರೆಪ್ಪನಿಗೆ ಅರ್ಥವಾಗಲಿಲ್ಲ.

"ಡಾಕ್ಟರಕಿ ಕಲತಾಕಿ ಮಂದೀನ ನೋಡೂದು ಬಿಟ್ಟು ಸೊಳ್ಳಿ ನೋಡಾಕ ಹೊಂಟಿ ಏನವಾ?"

"ಅವ್ವನ ಜ್ವರ ಹೋದದ್ದು ತಿರಗಿ ಯಾಕ ಬರತಿತ್ತು, ಅದನ್ನ ನೋಡಾಕ ಹೊಂಟೇನಪ್ಪಾ."

ತುಕ್ಕಾನಟ್ಟಿಯ ಕಾಲುವೆ ಬದಿಯ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿದ ವರ್ಷಗಳಲ್ಲಿ ಹೆಂಡತಿ ಸೀತವ್ವ ಕಂಬಳಿಯ ಮೇಲೆ ಕಂಬಳಿ ಹೊದ್ದು ನಡುಗಿದ್ದನ್ನು ಕರೆಪ್ಪನೂ ಕಂಡಿದ್ದ. ಗುಳಿಗೆ ನುಂಗಿದರೆ ಜ್ವರ ಇಳಿಯುತ್ತಿತ್ತು. ಕೆಲವು ತಿಂಗಳಿಗೆ ಮತ್ತೆ ಬರುತ್ತಿತ್ತು. ಕಡೆಗೆ ಅದು ತಾನಾಗಿಯೇ ನಿಂತಿತ್ತು, ಸೀತವ್ವನ ಅರ್ಧ ಜೀವ ಹೀರಿದ ಮೇಲೆ.

ಇಂಥ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿ ಕೂರುತ್ತದೆ. ಅದನ್ನು ಬೇರುಸಹಿತ ಕೀಳುವ ಔಷಧಿ ಇದೆ. ಆದರೆ ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಕಿಣ್ವ ಕಡಿಮೆ ಇರುವವರಿಗೆ ಆ ಔಷಧಿಯೇ ವಿಷವಾಗಿ ರಕ್ತಕಣಗಳು ಒಡೆಯುತ್ತವೆ. ಯಾರ ರಕ್ತ ಅಂಥದ್ದು ಎಂದು ಮೊದಲೇ ತಿಳಿಯುವ ಪರೀಕ್ಷೆಗೆ ತಂಪಾದ ಪ್ರಯೋಗಾಲಯ ಬೇಕಿತ್ತು. ಹೊಲದ ಬಿಸಿಲಿನಲ್ಲೂ ಕೆಡದ, ಬೆರಳ ತುದಿಯ ಹನಿ ರಕ್ತದಲ್ಲೇ ಮುಗಿಯುವ ಪರೀಕ್ಷೆಯೊಂದನ್ನು ಮಾಡಲು ಮಾಯಾ ಹರೆಯವನ್ನೆಲ್ಲ ಇಟ್ಟಳು. ಮಾರ್ಚ್‌ನಲ್ಲಿ ಸರಿ ಬಂದದ್ದು ಮೇ ಬಿಸಿಲಿಗೆ ಸುಳ್ಳು ಹೇಳುತ್ತಿತ್ತು. ಜೊತೆಯವರು ಬೇರೆ ವಿಷಯ ಹಿಡಿದು ಮುಂದೆ ಹೋದರು. ಇವಳು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು.

ಪರೀಕ್ಷೆ ಕೈಗೂಡಿದಾಗ, ಅದನ್ನು ಕುರಿಹಟ್ಟಿಗಳಲ್ಲಿ ನೋಡಬೇಕೆಂದು ಅವಳು ಪಟ್ಟು ಹಿಡಿದಳು. ಸಂಸ್ಥೆಯ ನಿರ್ದೇಶಕರಿಗೆ ಅನುಮಾನ. "ಆ ಕಡೆ ಈಗ ಮಲೇರಿಯಾ ಎಷ್ಟಿದೆ? ಅಲೆಯುವ ಜನರನ್ನು ಹಿಡಿಯೋದು ಹೇಗೆ?"

"ಉಳಿದಿರೋದು ಅಲೆಯುವವರಲ್ಲೇ ಸರ್. ಅವರು ನಿಲ್ಲೋದಿಲ್ಲ, ನಾವು ನಡೀಬೇಕು."

ಹೀಗೆ ಅವಳು ಸಹಾಯಕಿ ನಂದಿನಿಯೊಂದಿಗೆ ಕಣಗಲಾ ಹತ್ತಿರ, ಹೆದ್ದಾರಿಯ ಆಚೆ ಬೀಡುಬಿಟ್ಟಿದ್ದ ಹಟ್ಟಿಗೆ ಬಂದಳು. ಹಿರಿಯ ಲಕ್ಕಪ್ಪ ಯಾರ ಬೆರಳೂ ಚುಚ್ಚಗೊಡಲಿಲ್ಲ. ಮಗಳ ಜೊತೆ ಬಂದಿದ್ದ ಸೀತವ್ವ ಎಲ್ಲರ ನಡುವೆ ಕುಳಿತು ಕೈ ಚಾಚಿದಳು. "ಮೊದಲ ನಂದು ತಗಿ." ಆಮೇಲೆ ಒಬ್ಬೊಬ್ಬರೇ ಬಂದರು.

ಲಕ್ಕಪ್ಪನ ಮಗ ಸಿದ್ರಾಯ ಆ ವಾರ ಜ್ವರದಲ್ಲಿದ್ದ. ರಕ್ತದಲ್ಲಿ ಮಲೇರಿಯಾ ಸಿಕ್ಕಿತು. ಜೊತೆಗೆ ಆ ಕಿಣ್ವವೂ ಬಹಳ ಕಡಿಮೆ ಇತ್ತು. ಬೇರಿಗೆ ಹಾಕುವ ಔಷಧಿಯನ್ನು ಎಲ್ಲರಂತೆ ಇವನಿಗೆ ಕೊಡುವಂತಿಲ್ಲ ಎಂದಳು ಮಾಯಾ.

ಲಕ್ಕಪ್ಪನ ಮುಖ ಕಪ್ಪಿಟ್ಟಿತು. "ನಮ್ಮ ರಕ್ತದಾಗ ಐಬ ಐತೇನವಾ?"

"ಐಬ ಅಲ್ಲ ಕಾಕಾ. ಎಲ್ಲಾ ಕುರಿ ಒಂದ ಮೇವು ತಿಂದ್ರೂ ಒಂದರ ಹೊಟ್ಟಿ ಅಷ್ಟ ಉಬ್ಬತೈತಿ. ಆ ಕುರಿ ಕೆಟ್ಟದ್ದು ಅಂತೀರೇನು? ಇದು ತಾಯಿ ಕಡಿಂದ ಗಂಡಮಕ್ಕಳಿಗೆ ಬರತೈತಿ. ತಾಯಿ ತಪ್ಪೂ ಅಲ್ಲ."

ಅಷ್ಟರಲ್ಲಿ ಒಲೆಯ ಬಳಿ ಕೂತಿದ್ದ ಲಕ್ಕಪ್ಪನ ಹೆಂಡತಿ ಚನ್ನವ್ವ ಎದ್ದು ಬಂದಳು.

"ನನ್ನ ತಮ್ಮ ಇಂಥಾ ಜ್ವರದಾಗ ಗುಳಿಗಿ ನುಂಗಿದ. ಉಚ್ಚಿ ಕರ್ರಗ ಬಂತು, ಮೈ ಹಳದಿ ಆತು, ಹೋಗಿಬಿಟ್ಟ. ಗುಳಿಗಿ ಕುಡಿಸಿದಾಕಿ ನಾನ. ನೀನ ಕೊಂದಿ ಅಂದ್ರು ಎಲ್ಲಾರೂ."

ಮಾಯಾ ಅವಳ ಕೈ ಹಿಡಿದಳು. ಪುಸ್ತಕಗಳಲ್ಲಿ ಸಾವಿರ ಸಲ ಓದಿದ ಸಂಗತಿ ಈಗ ಎದುರಿಗೆ ನಿಂತಿತ್ತು. "ನೀವು ಕೊಲ್ಲಲಿಲ್ರಿ ಚಿಗವ್ವಾ. ಅವರ ರಕ್ತ ಇಂಥಾದ್ದೇ ಇರಬೇಕು. ಅದನ್ನ ನೋಡೂ ಪರೀಕ್ಷಾ ಆಗ ನಿಮಗ ಸಿಗೂವಂಗ ಇರಲಿಲ್ಲ."

ಚನ್ನವ್ವ ನೆಲಕ್ಕೆ ಕುಸಿದು ಅತ್ತಳು. ಲಕ್ಕಪ್ಪ ಅವಳ ಪಕ್ಕದಲ್ಲಿ ಕುಳಿತುಕೊಂಡ.

ಸಿದ್ರಾಯನ ಜ್ವರಕ್ಕೆ ಬೇರೆ ಗುಳಿಗೆ ಸಾಕಾಯಿತು. ಬೇರಿಗೆ ಹಾಕುವ ಔಷಧಿಯನ್ನು ದಿನಾಲೂ ಕೊಡದೆ, ರಕ್ತ ಚೇತರಿಸಿಕೊಳ್ಳಲು ಬಿಡುವು ಕೊಟ್ಟು ವಾರಕ್ಕೊಮ್ಮೆ, ಪ್ರತಿ ಸಲ ರಕ್ತ ನೋಡಿಕೊಂಡು ಕೊಡಬೇಕಿತ್ತು. ಹಿಂಡು ಹುಕ್ಕೇರಿಯತ್ತ ಹೊರಟಿತು, ಮಾಯಾ ಹಿಂದೆ ಹೊರಟಳು. ಒಂದು ವಾರ ಹಳ್ಳದ ದಂಡೆ, ಇನ್ನೊಂದು ವಾರ ಯಾರದೋ ಜೋಳದ ಹೊಲ. ಚನ್ನವ್ವ ಪ್ರತಿ ಗುಳಿಗೆಯ ಮರುದಿನ ಮಗನ ಕಣ್ಣಿನ ಬಿಳುಪು ನೋಡಿ ಫೋನಿನಲ್ಲಿ ಹೇಳುತ್ತಿದ್ದಳು. ಏನೂ ಕೆಡಲಿಲ್ಲ. ಮಳೆಗಾಲ ಬಂತು, ಹೋಯಿತು. ಜ್ವರ ತಿರುಗಿ ಬರಲಿಲ್ಲ.

ಇತರ ಹಟ್ಟಿಗಳಲ್ಲೂ ಪರೀಕ್ಷೆ ತಪ್ಪಲಿಲ್ಲ. ಬೇರೆ ರಾಜ್ಯಗಳ ಕಾಡಂಚಿನ ಹಳ್ಳಿಗಳವರೂ ಅದನ್ನು ಕೇಳಿ ತರಿಸಿಕೊಂಡರು. ದೊಡ್ಡ ಸಭೆಗಳಲ್ಲಿ ಮಾಯಾಳಿಗೆ ಶಾಲು ಹೊದಿಸಿದರು. ಅವಳಿಗೆ ಹೆಚ್ಚು ಹಿಗ್ಗಾದದ್ದು ಮೂಡಲಗಿಯಲ್ಲಿ, ಆಶಾ ಕಾರ್ಯಕರ್ತೆಯರಿಗೆ ಪರೀಕ್ಷೆ ಕಲಿಸಿದ ದಿನ. ಮಾಯಾ ಕರೆದಿದ್ದಕ್ಕೆ ಚನ್ನವ್ವ ಬಂದಿದ್ದಳು, ಇಳಕಲ್ ಸೀರೆ ಉಟ್ಟು. ಮೈಕು ಬೇಡವೆಂದು ಸರಿಸಿ ನಿಂತಳು.

"ನನ್ನ ತಮ್ಮನ ಹೆಸರು ಯಲ್ಲಾರಿ. ಇಪ್ಪತ್ತರ ಹುಡುಗ, ಚಲೋ ಡೊಳ್ಳು ಬಾರಸ್ತಿದ್ದ. ರಕ್ತ ನೋಡದ ಗುಳಿಗಿ ಕೊಟ್ಟು ಅವನ್ನ ಕಳಕೊಂಡ್ವಿ. ನೀವು ನೋಡಿ ಕೊಡ್ರಿ."

ಅವಳು ಅಷ್ಟು ವರ್ಷಗಳಲ್ಲಿ ನಾಲ್ಕು ಜನರೆದುರು ಆ ಹೆಸರು ಹೇಳಿದ್ದು ಅದೇ ಮೊದಲು. ಸಭೆಯ ಹಿಂದೆ ಕೂತಿದ್ದ ಕರೆಪ್ಪ, ಚನ್ನವ್ವನ ಬಳಿ ನಿಂತಿದ್ದ ಮಾಯಾಳನ್ನು ತೋರಿಸಿ ಪಕ್ಕದವನಿಗೆ ಮೆಲ್ಲಗೆ ಹೇಳಿದ: "ಅಲ್ಲಿ ನಿಂತಾಕಿ ನನ್ನ ಮಗಳು."