ಮಂಟಯ್ಯನ ಮೇಕೆ

ತಿಥಿ ಮುಗಿದು, ನೆಂಟರೆಲ್ಲ ಹುಣಸೂರಿನ ಬಸ್ಸು ಹತ್ತಿದ ಮಾರನೆಯ ಬೆಳಿಗ್ಗೆ, ಗಾವಡಗೆರೆಯ ಆ ಮನೆಯಲ್ಲಿ ಮೊದಲು ಬಾಯಿ ತೆರೆದದ್ದು ಮೇಕೆ. ಕೊಟ್ಟಿಗೆಯ ಗೂಟದ ಬಳಿ ನಿಂತು, ಹೊತ್ತಾಯಿತು ಏಳಿ ಎಂಬಂತೆ ಒಂದೇ ಸಮನೆ ಅರಚತೊಡಗಿತು.

ಪವಿತ್ರಾ ಒಲೆಯ ಮುಂದೆ ಕೂತಿದ್ದಳು. ಅಳು ಬರುತ್ತಿರಲಿಲ್ಲ. ಒಲೆ ಹತ್ತಿತ್ತು, ಅದರ ಮೇಲೆ ಏನಿಡಬೇಕೆಂದು ಹೊಳೆಯುತ್ತಿರಲಿಲ್ಲ. ಒಳಗೆ ಅತ್ತೆ ಚಿಕ್ಕಸಿದ್ದಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದರು.

ಆ ಮೇಕೆ ಮನೆಯದಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ನಡೆಯಬೇಕೆಂದು ಡಾಕ್ಟರು ಹೇಳಿದಾಗ ಆಕೆ ಉರಿದುಬಿದ್ದಿದ್ದರು. "ಬರಿಗೈ ಬೀಸ್ಕೊಂಡು ರಸ್ತೆ ಸುತ್ತಕ್ಕೆ ನಂಗೇನು ಗ್ಯಾನ ಕೆಟ್ಟದಾ? ಕಂಡೋರು ಏನಂದ್ಕಂಡಾರು?"

ಆಗ ಮಗ ಚಲುವರಾಜು ಕೆರೆಯಾಚೆಯ ಕೊಪ್ಪಲಿಗೆ ಹೋಗಿ, ಒಂದಷ್ಟು ದಿನಕ್ಕೆಂದು ಮಂಟಯ್ಯನ ಮೇಕೆಯನ್ನು ಕೇಳಿ ತಂದು ಕಟ್ಟಿದ. ಅವ್ವನಿಗೆ ಮಾತ್ರ, ಸಂತೆಯಲ್ಲಿ ಕೊಂಡದ್ದು ಅಂದ. "ಏರಿ ಮೇಲೆ ಮೇಯಿಸ್ಕೊಂಡು ಬಾರವ್ವ, ನಂಗೆ ಒಗೆಸೊಪ್ಪಿನ ಕೆಲ್ಸ ಅದೆ." ಕೈಗೆ ಹಗ್ಗ ಸಿಕ್ಕಿದ್ದೇ ತಡ, ನಡಿಗೆ ಕೆಲಸವಾಯಿತು. ಕೆರೆಯ ತೂಬಿನ ತನಕ ಹೋಗಿ ಬರುವುದು ಅತ್ತೆಗೂ ಮೇಕೆಗೂ ರೂಢಿಯಾಯಿತು. ಸಕ್ಕರೆ ಇಳಿಯಿತು. ಗುಟ್ಟು ಪವಿತ್ರಾಳಿಗೆ ಗೊತ್ತಿತ್ತು, ಗಂಡ ಹೆಂಡತಿ ಇಬ್ಬರೂ ಬಾಯಿ ಬಿಗಿಹಿಡಿದು ನಕ್ಕಿದ್ದರು. ಈಗ ಅವನಿಲ್ಲ. ಬಿಳಿಕೆರೆಯ ಹತ್ತಿರ ಬೈಕಿಗೆ ಲಾರಿ ತಾಗಿ ಹೋದ.

ಅರಚುವುದು ನಿಲ್ಲಲಿ ಸಾಕೆಂದು ಪವಿತ್ರಾ ಎದ್ದು ಹಗ್ಗ ಬಿಚ್ಚಿದಳು. ಎಳೆದಳು. ಮೇಕೆ ನಾಲ್ಕೂ ಕಾಲು ಊರಿ ನಿಂತಿತು.

"ಅಂಗೆ ಎಳುದ್ರೆ ಬಂದದಾ ಅದು?" ಅತ್ತೆ ಒಳಗಿಂದಲೇ ಗದರಿದರು. "ಮುಂದುಕ್ಕೆ ನಿಂತ್ಕಬ್ಯಾಡ ಕಣಮ್ಮಿ, ಪಕ್ಕುಕ್ಕೆ ಬಾ."

ಪಕ್ಕಕ್ಕೆ ಬಂದರೂ ಅದು ಕದಲಲಿಲ್ಲ. ಕೊನೆಗೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದುಬಂದರು. ಹಗ್ಗ ಅವರ ಕೈಗೆ ಹೋಯಿತು, ಪವಿತ್ರಾ ಹಿಂದೆ ಹೋದಳು. ತೂಬಿನ ತನಕ ನಡೆದರು. ಮನೆಗೆ ಬಂದಾಗ ಪವಿತ್ರಾಳಿಗೆ ಹಸಿವಾಗಿತ್ತು. ರಾಗಿರೊಟ್ಟಿ ತಟ್ಟಿದಳು.

ಮರುದಿನವೂ ಹೋದರು, ಅದರ ಮರುದಿನವೂ. ಬೆಳಗಾದರೆ ಏನು ಮಾಡಲಿ ಎಂದು ಪವಿತ್ರಾ ಯೋಚಿಸುವ ಮೊದಲೇ ಮೇಕೆ ಕರೆದಿರುತ್ತಿತ್ತು. ರಾತ್ರಿ ನಿದ್ದೆ ಬರತೊಡಗಿತು.

ಒಂದು ದಿನ ಡೈರಿಯ ಮುಂದೆ, ಒಬ್ಬಳೇ ಇದ್ದ ಪವಿತ್ರಾಳಿಗೆ ಮಂಟಯ್ಯ ಸಿಕ್ಕಿದ. "ಕೇಳಕ್ಕೆ ಬಾಯಿ ಬರಾಕಿಲ್ಲ ಕಣವ್ವ. ಮೇಕೆ ಈಗ ತುಂಬು ಗಬ್ಬ, ಈಯೋ ಕಾಲ ಬಂತು. ನಮ್ಮಟ್ಟೀಲೇ ಈಯ್ಲಿ ಅಂತ ನಮ್ಮೆಂಗ್ಸು ಅಟ ಇಡ್ದವ್ಳೆ."

"ಒಂದು ವಾರ ಇರಲಿ ಮಂಟಯ್ಯ," ಅಂದಳು.

ವಾರವೆಲ್ಲ ಒಳಗೊಳಗೇ ಕುದಿದಳು. ಮೇಕೆ ಹೋದರೆ ಅತ್ತೆ ಮತ್ತೆ ಗೋಡೆಗೆ ಮುಖ ಮಾಡುತ್ತಾರೆ. ಸಕ್ಕರೆ ಏರುತ್ತದೆ. ಉಳಿದಿರುವವರು ಅವರೊಬ್ಬರೇ. ಇನ್ನೊಂದು ಮೇಕೆ ತಂದು ಇನ್ನೊಂದು ಸುಳ್ಳು ಹೇಳಲೇ ಅಂದುಕೊಂಡಳು. ಸುಳ್ಳು ಹೇಳುವ ಕಲೆ ಚಲುವನಿಗಿತ್ತು, ಅವಳಿಗಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ತೂಬಿನ ಹತ್ತಿರ ಎಲ್ಲವನ್ನೂ ಹೇಳಿಬಿಟ್ಟಳು.

ಅತ್ತೆ ನಿಂತರು. ಮೇಕೆಯನ್ನು ನೋಡಿದರು. ಆಮೇಲೆ ಮೈಯೆಲ್ಲ ಕುಲುಕುವಂತೆ ನಗಲು ಶುರುಮಾಡಿದರು.

"ಕಳ್ ನನ್ಮಗ! ಮೇಕೆ ಜೊತೆ ಎತ್ತವ್ವನ್ನೂ ಮೇಯ್ಸವ್ನಲ್ಲಾ!" ಸೆರಗಿನಿಂದ ಕಣ್ಣೊರೆಸಿಕೊಂಡರು. "ನಡಿ, ಕೊಟ್ಬುಟ್ಟು ಬರಾನ."

ಅಂದು ತೂಬು ದಾಟಿ, ಏರಿಯ ಉದ್ದಕ್ಕೂ ನಡೆದರು. ಮಂಟಯ್ಯನ ಕೊಟ್ಟಿಗೆ ನೋಡಿದ್ದೇ ಅತ್ತೆ ಮೂಗು ಮುರಿದರು.

"ಬಸುರೀನ ಈ ತ್ಯಾವದಲ್ಲಿ ಕಟ್ಟೀಯೇನ್ಲಾ? ಒಣುಲ್ಲು ಆಸು."

"ಆಸ್ತೀನಿ ಕಣಕ್ಕ."

"ನಿನ್ ಮಾತ ಯಾರ್ ನಂಬ್ತಾರೆ? ನಾಳೆ ಒತ್ತಾರೆ ಬಂದು ನೋಡ್ತೀನಿ. ಈಯೋಗಂಟ ದಿನಾ ಬತ್ತೀನಿ. ಈದ್ ಮ್ಯಾಲೂ ಬತ್ತೀನಿ, ಮರೀಗೆ ಸೊಪ್ಪು ಬ್ಯಾಡ್ವಾ?"

ಮಂಟಯ್ಯ ದಿಕ್ಕು ತೋಚದೆ ಪವಿತ್ರಾಳ ಮುಖ ನೋಡಿದ.

"ಇಬ್ರೂ ಬರ್ತೀವಿ," ಅಂದಳು ಪವಿತ್ರಾ. ಅತ್ತೆಯ ಕೈಯಿಂದ ಹಗ್ಗ ಇಸಿದುಕೊಂಡು ಅವನ ಕೈಗಿಟ್ಟಳು.