ಇದ್ದ ಮುಖ ಇದ್ದಂಗ

ಸಮಸ್ತ ಜನತೆಗೆ ತಿಳಿಯಪಡಿಸುವುದೇನೆಂದರೆ, ಈ ದಿನ ಸಾಯಂಕಾಲ ನಾಲ್ಕೂವರೆಗೆ, ಸಿಂದಗಿ ಬಸ್ ಸ್ಟ್ಯಾಂಡಿನ ಎದುರಿನ ಆನ್‌ಲೈನ್ ಅರ್ಜಿ ಹಾಕುವ ಅಂಗಡಿಯಲ್ಲಿ, ಮಾಳಿಂಗನ ಮಗಳು ಮಾಲಾ ಪೌಡರ್ ಹಚ್ಚಿಕೊಳ್ಳದೆ ಫೋಟೋ ತೆಗೆಸಿಕೊಂಡಿದ್ದಾಳೆ — ಹೀಗಂತ ಡಂಗುರ ಸಾರಿಸಬೇಕು ಅನ್ನಿಸಿತು ಅವಳಿಗೆ, ಫ್ಯಾನಿನ ಬಿಸಿಗಾಳಿ ಕೊರಳಿಗೆ ಬಡಿಯುತ್ತಿದೆ, ಹೊರಗೆ ಕಂಡಕ್ಟರು ಕಲಬುರ್ಗಿ ಕಲಬುರ್ಗಿ ಅಂತ ಕೂಗುತ್ತಿದ್ದಾನೆ, ಕೂಗಲಿ, ಪುರಸಭೆಯ ಹೊಸ ಕಾಂಪ್ಲೆಕ್ಸಿನ ಆರನೇ ಮಳಿಗೆಗೆ ಚೀಟಿ ಎತ್ತಿದಾಗ ತನ್ನ ಹೆಸರೇ ಬಂದಿದೆ, ಐದು ಗಂಟೆಯೊಳಗೆ ಅರ್ಜಿಗೆ ಫೋಟೋ ಹಚ್ಚಿ ಕಳಿಸುವುದಷ್ಟೇ ಬಾಕಿ, ತಪ್ಪಿದರೆ ಮಳಿಗೆ ಬೇರೆಯವರಿಗೆ, ಮಾಲಾ ಸ್ಟುಡಿಯೋ, ಇದ್ದ ಮುಖ ಇದ್ದಂಗ, ಬೋರ್ಡು ಸಹ ಬರೆಸಿಯಾಯಿತು, ನಾಲ್ಕು ವರ್ಷ ಇಂಡಿಯಲ್ಲಿ ಬಸಂತರಾಯರ ಸ್ಟುಡಿಯೋದ ಕಂಪ್ಯೂಟರಿನ ಮುಂದೆ ಕುಳಿತು ಮಾಡಿದ್ದೇನು — ಊರ ಹೆಣ್ಣುಮಕ್ಕಳನ್ನೆಲ್ಲ ಒಗೆದು ಒಣಹಾಕಿದ್ದು, ವರನಿಗೆ ತೋರಿಸುವ ಫೋಟೋ ಅಂದರೆ ಎರಡು ಸಲ ಒಗೆತ, ಮಾಲಾ, ಇನ್ನೊಂದೀಟು ಬೆಳ್ಳಗ ಮಾಡವಾ, ಅನ್ನುತ್ತಿದ್ದರು ರಾಯರು, ಸರ, ಇನ್ನ ಬೆಳ್ಳಗ ಮಾಡಿದ್ರ ಗ್ವಾಡಿ ಯಾವುದು ಹುಡುಗಿ ಯಾವುದು ಗೊತ್ತಾಗೂದಿಲ್ರಿ, ಗೊತ್ತಾಗೂದು ಬ್ಯಾಡ ಬಿಡು, ಲಗ್ನ ಆಗಲಿ, ಮನುಷ್ಯ ಕೆಟ್ಟವರಲ್ಲ, ಪಗಾರ ತಪ್ಪಿಸಿದವರಲ್ಲ, ಆದರೆ ದೇವರ ಹಿಪ್ಪರಗಿಯ ರೇಣುಕಾ — ಮಾಲಾ ಒಗೆದುಕೊಟ್ಟ ಫೋಟೋ ಒಪ್ಪಿ ಹೆಣ್ಣು ನೋಡಲು ಬಂದವರು ಚುರುಮುರಿ ತಿಂದು, ಚಹಾ ಕುಡಿದು, ತಾಟು ಹಿಡಿದು ಎದುರಿಗೇ ನಿಂತವಳಿಗೆ ಹೇಳಿದರಂತೆ, ಹುಡುಗಿನ್ನ ಕರೀರಿ, ಯಾಕ ತಡ ಮಾಡಾಕತ್ತೀರಿ, ರೇಣುಕಾ ಸ್ಟುಡಿಯೋಕ್ಕೆ ಬಂದಳು, ಬೈಯಲಿಲ್ಲ, ಅಕ್ಕಾ, ನನಗ ನನ್ನ ಫೋಟೋ ತಗದುಕೊಡು, ಹಿಂದಿಂದು ಯಾರ್ದೋ ಐತಿ, ಅಂದೇ ಮಾಲಾ ಕುರ್ಚಿ ಬಿಟ್ಟೆದ್ದಳು, ಬಸಂತರಾಯರು ಚಾಳೀಸು ತೆಗೆದು, ಹುಚ್ಚಿ, ಖರೇ ಮುಖ ಯಾರಿಗಿ ಬೇಕಾಗೇತಿ, ಬೇಕಾದವರು ಬರ್ತಾರ್ರಿ ಸರ, ಬಂದರು, ಬಾಡಿಗೆಯ ಕ್ಯಾಮೆರಾ ಹೊತ್ತು ಮುದ್ದೇಬಿಹಾಳ, ಬಾಗೇವಾಡಿ ಅಂತ ತಿರುಗಿದಳು, ಮುದುಕಿಯರು ತಮ್ಮ ಸುಕ್ಕು ತಾವೇ ಕಂಡು ಬಾಯಿಗೆ ಸೆರಗು ಹಿಡಿದು ನಕ್ಕರು, ರೇಣುಕಾಳ ಕಪ್ಪು ಕಪ್ಪಾಗಿಯೇ ಹೊಳೆಯಿತು, ಆ ಫೋಟೋ ಹಿಡಿದು ಬಂದ ಆಲಮಟ್ಟಿಯ ಹುಡುಗ ಒಮ್ಮೆ ಫೋಟೋ, ಒಮ್ಮೆ ಹುಡುಗಿ ನೋಡಿ, ಇಕಿನ ಹೌದು, ಅಂದ, ಗೆದ್ದೆ, ಅಂದುಕೊಂಡಳು ಮಾಲಾ, ಕೆಲಸ ಮೈಗೆ ಒಗ್ಗಿತು, ರಾತ್ರಿ ನಿದ್ದೆ ಹತ್ತುತ್ತದೆ —

ಹತ್ತವಲ್ದರಿ, ಅಂದ ಅಂಗಡಿಯ ಶ್ರೀಶೈಲ, ಏನ್ ಹತ್ತವಲ್ದು, ನಿಮ್ಮ ಫೋಟೋ ಅಕ್ಕಾರ, ಮೂರು ಸಲ ಹಾಕಿದೆ, ಮುಖ ಸ್ಪಷ್ಟವಾಗಿಲ್ಲ ಅಂತ ತಿರುಗಿ ಒಗೀತೈತಿ, ಬೆಳಕಿಗಿ ಅಂತ ಬಾಗಲದಾಗ ನಿಂದ್ರಿಸಿ ತಗದದ್ದೂ ನಡೀಲಿಲ್ಲ, ಕಚೇರಿಗಿ ಫೋನ್ ಹಚ್ಚಿದ್ನಿ, ನಮ್ಮ ಕೈಯಾಗಿಲ್ಲ, ಸಿಸ್ಟಮ್ ಒಪ್ಪಬೇಕು ಅಂದ್ರು, ಒಂದೀಟು ಬೆಳ್ಳಗ ಮಾಡಲೇನ್ರಿ, ಯಾರು ನೋಡ್ತಾರ — ಮಾಲಾಳ ಕೈ ತಾನೇ ಮೌಸಿನ ಮೇಲೆ ಹೋಯಿತು, ನಾಲ್ಕು ವರ್ಷದ ರೂಢಿ, ಬೆರಳಿಗೆ ದಾರಿ ಗೊತ್ತು, ಬಿಳುಪಿನ ಗುಂಡಿಯನ್ನು ಎಡದಿಂದ ಬಲಕ್ಕೆ ಒಂದು ಗೆರೆಯಷ್ಟು ಸರಿಸಿದರೆ ಮಳಿಗೆ ತನ್ನದು, ಐದಕ್ಕೆ ಮೂರು ನಿಮಿಷ, ಅವಳು ಕೈ ಹಿಂದಕ್ಕೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು, ಅಕ್ಕಾರ, ಟೈಮ್ ಆಗಾಕತ್ತೈತಿ, ಆಗಲಿ ಬಿಡೋ, ಪರದೆಯ ಮೇಲೆ ಅವಳ ಕಪ್ಪು ಮುಖ, ಅಜ್ಜಿಯ ಹಣೆ, ಅಪ್ಪನ ಗದ್ದ, ಒಂದೊಂದು ಹುಬ್ಬುಗೂದಲನ್ನೂ ಎಣಿಸಬಹುದು, ಅದರ ಕೆಳಗೆ ಕೆಂಪು ಅಕ್ಷರ, ಮುಖ ಸ್ಪಷ್ಟವಾಗಿಲ್ಲ, ಮತ್ತೆ ಮುಖ, ಒಂದೊಂದು ಹುಬ್ಬುಗೂದಲು, ಕೆಂಪು ಅಕ್ಷರ, ಮುಖ