ಗಾಳಿ ಅಜ್ಜಾರ ಕಂಬ

ಹಿರೇವಡ್ಡಟ್ಟಿಯ ಖೈರುನಬಿಗೆ ಸುಳ್ಳು ಹೇಳಲು ಬಾಯೇ ಬರುತ್ತಿರಲಿಲ್ಲ. ಕೌದಿ ಹೊಲಿಸಿಕೊಂಡವರು ಸುಮ್ಮನಿದ್ದರೂ "ಈ ಸಾಲು ಸೊಟ್ಟ ಬಂದೈತ್ರಿ" ಎಂದು ತಾನೇ ತೋರಿಸುವಂಥ ಹೆಂಗಸು. ಅಂಥವಳು ಊರೆಲ್ಲ ನಂಬುವ ಸುಳ್ಳು ಹೇಳಿದಳೆಂದರೆ ಅದಕ್ಕೆ ಕಾರಣ ಒಂದು ಹಕ್ಕಿ.

ಕಪ್ಪತಗುಡ್ಡದ ಬುಡದಲ್ಲಿ ಅವಳ ಹೊಲ, ಹೊಲದಾಚೆ ಹುಲ್ಲುಗಾವಲು. ಮುಂಗಾರಿನ ಮೋಡ ಇಳಿದಾಗ ಹುಲ್ಲೆಲ್ಲ ಮಲಗುತ್ತಿತ್ತು, ಏಳುತ್ತಿತ್ತು. ಗುಡ್ಡವೇ ನಿದ್ದೆಯಲ್ಲಿ ಉಸಿರಾಡುತ್ತಿದೆಯೇನೋ ಎನಿಸುತ್ತಿತ್ತು. ಅದರೊಳಗೆ ಎರಿಭೂತಗಳು ಇರುತ್ತಿದ್ದವು. ಹೆಸರಷ್ಟೇ ಭೂತ, ಕರಿ ತಲೆಯ, ಬಿಳಿ ಕತ್ತಿನ, ಗೌಡರಂತೆ ನಡೆಯುವ ದೊಡ್ಡ ಹಕ್ಕಿ. ಬರಿ ಕೊಡದೊಳಗೆ ಬಾಯಿಟ್ಟಂತೆ ಅದು ಕೂಗಿದರೆ, ತೀರಿಹೋದ ತಾಯಿ ಎಲ್ಲಿಂದಲೋ ಕರೆದಂತಾಗಿ ಖೈರುನಬಿ ಸೂಜಿ ನಿಲ್ಲಿಸುತ್ತಿದ್ದಳು. ಚಿಕ್ಕವಳಿದ್ದಾಗ ಹಿಂಡು ಕಂಡಿದ್ದಳು. ಈಗ ಒಂದೇ ಜೋಡಿ ಉಳಿದಿತ್ತು.

ಎಂಬತ್ತಾರನೆಯ ಇಸವಿಯಲ್ಲಿ ಆ ಹುಲ್ಲಿನ ನಡುವೆ ಕಂಬ ನಿಂತಿತು. ಗಾಳಿಯಿಂದ ಕರೆಂಟು ಮಾಡಬಹುದೇ ಎಂದು ಗಾಳಿ ಅಳೆಯುವ ಕಂಬ. ಸುತ್ತ ಬಿಗಿದ ತಂತಿ ಕಣ್ಣಿಗೇ ಕಾಣದಷ್ಟು ಸಣ್ಣದು. ಒಂದು ಸಂಜೆ ಗಂಡು ಹಕ್ಕಿ ಅದಕ್ಕೆ ಬಡಿದು ಸತ್ತಿತು. ಖೈರುನಬಿ ಅದನ್ನು ಉಡಿಯಲ್ಲಿಟ್ಟುಕೊಂಡು ಅತ್ತಳು. ಹೆಣ್ಣು ಹಕ್ಕಿ ಬರಿ ನೆಲದ ಮೇಲೆ ತತ್ತಿಗೆ ಕೂತಿತ್ತು. ಅದಾದರೂ ತಂತಿ ಕಂಡು ಉಳಿಯಲೆಂದು ಮರುದಿನ ಕೌದಿಯ ಬಣ್ಣದ ಚಿಂದಿಗಳನ್ನು ತಂತಿಗೆ ಕಟ್ಟಿ, ಕೋಲಿನಿಂದ ಮೇಲಕ್ಕೆ ಸರಿಸಿದಳು.

ಮುಂಡರಗಿ ಸಂತೆಗೆ ಹೊರಟವರು ಆ ಚಿಂದಿ ಕಂಡರು. ಹರಕೆಯ ಬಟ್ಟೆಯೇ ಸೈ ಎಂದುಕೊಂಡರು! ಒಬ್ಬರು ಕಟ್ಟಿದ್ದು ನೋಡಿ ಇನ್ನೊಬ್ಬರು ಕಟ್ಟಿದರು. ಸಕ್ಕರೆ ಬಂತು, ಕಾಯಿ ಬಂತು, 'ಗಾಳಿ ಅಜ್ಜಾರು' ಎಂಬ ಹೆಸರೂ ಬಂತು. ಜನ ಬಂದಾಗಲೆಲ್ಲ ಹಕ್ಕಿ ತತ್ತಿ ಬಿಟ್ಟು ಏಳುತ್ತಿತ್ತು, ಕಾಗೆ ಮೇಲೆ ಸುತ್ತುತ್ತಿತ್ತು.

"ಅಜ್ಜಾರೂ ಇಲ್ಲ ಗಿಜ್ಜಾರೂ ಇಲ್ಲ! ಚಿಂದಿ ಕಟ್ಟಿದಾಕಿ ನಾನು. ಅಲ್ಲಿ ಹಕ್ಕಿ ತತ್ತಿಗೆ ಕುಂತೈತಿ," ಎಂದು ಖೈರುನಬಿ ಕೂಗಿಕೊಂಡಳು.

ನೆರೆಮನೆಯ ದೇವವ್ವ ಕೈಮುಗಿದಳು. "ಅಜ್ಜಾರು ನಿನ್ನ ಕೈಲೇ ಕಟ್ಟಿಸ್ಯಾರಲ್ಲ ಅಕ್ಕಾ, ಪುಣ್ಯವಂತಿ ನೀ."

ಇದಕ್ಕೇನು ಹೇಳುತ್ತೀರಿ?

ಸುದ್ದಿ ಮುಟ್ಟಿ ಕಂಬ ನಿಲ್ಲಿಸಿದ್ದ ಎಂಜಿನಿಯರು ಬಂದರು. ಒಳ್ಳೆಯ ಮನುಷ್ಯ. ಊರವರನ್ನು ಕೂಡಿಸಿ ಕಟ್ಟೆಯ ಮೇಲೆ ಕೂತು ಹೇಳಿದರು: "ಮೂರು ದಾರಿ ಅದಾವ. ಕಂಬ ಇಲ್ಲೇ ಇಟ್ಟು ತಂತಿಗೆ ಗುರುತು ಹಾಕೋದು. ಇಲ್ಲಾ ಮರಿ ಆಗೋತನಕ ಈ ಕಡೆ ಯಾರೂ ಬರದಂಗ ಬಂದ್ ಮಾಡೋದು. ಇಲ್ಲಾ ಕಂಬಾನ ಕಲ್ಲಗುಡ್ಡಕ್ಕ ಒಯ್ಯೋದು. ಅಲ್ಲಿ ಹುಲ್ಲಿಲ್ಲ, ಹಕ್ಕಿ ಇಲ್ಲ, ಗಾಳಿನೂ ಚೊಲೊ ಐತಿ. ನನಗ ಇದ ಪಾಡ ಅನಸ್ತೈತಿ."

"ಅಜ್ಜಾರನ್ನ ಕೀಳಾಕ ಬಂದೀರೇನು?" ಊರ ಹಿರಿಯ ಯಮನೂರಪ್ಪ ಎದ್ದು ನಿಂತ. "ಕಂಬಕ್ಕ ಕೈ ಹಚ್ರಿ ನೋಡೂಣು!"

"ಊರು ಒಪ್ಪಲಿಲ್ಲಂದ್ರ ನಾ ಮುಟ್ಟೂದಿಲ್ಲ," ಎಂದು ಎಂಜಿನಿಯರು ಚಪ್ಪಲಿ ಮೆಟ್ಟಿದರು.

ದೂರದಲ್ಲಿ ಹಕ್ಕಿ ಮತ್ತೆ ಎದ್ದಿತು. ಖೈರುನಬಿ ಎಂಜಿನಿಯರಿಗೆ ಅಡ್ಡ ನಿಂತಳು.

"ನನ್ನ ಕನಸಿನ್ಯಾಗ ಅಜ್ಜಾರು ಬಂದಿದ್ರು," ಎಂದಳು. "ನನ್ನನ್ನ ಕಲ್ಲಗುಡ್ಡದ ಮ್ಯಾಲ ಕುಂಡ್ರಸ್ರಿ ಅಂದ್ರು. ಆ ಹಕ್ಕಿ ನಂದು, ಅದರ ಹುಲ್ಲು ತುಳದವರ ಹರಕಿ ನಾ ಕೇಳೂದಿಲ್ಲ ಅಂದ್ರು."

ಯಮನೂರಪ್ಪ ರುಮಾಲು ತೆಗೆದ. "ಖೈರುನಬಿ ಸುಳ್ಳು ಹೇಳಾಕಿ ಅಲ್ಲ. ಆತು, ಒಯ್ಯರಿ."

ಕಂಬ ಗುಡ್ಡ ಹತ್ತಿತು, ಜನ ಅದರ ಬೆನ್ನು ಹತ್ತಿದರು. ಹುಲ್ಲು ದಾರಿಯನ್ನು ನುಂಗಿತು. ಒಂದು ಮಂಜಿನ ಮುಂಜಾನೆ ತಾಯಿಯ ಹಿಂದೆ ಮಣ್ಣಿನ ಬಣ್ಣದ ಮರಿ ನಡೆದುಹೋದದ್ದನ್ನು ಖೈರುನಬಿ ಬದುವಿನ ಮೇಲೆ ಕೂತು ನೋಡಿದಳು. ಸಂತೋಷಕ್ಕೆ ಕಣ್ಣು ತುಂಬಿತು. "ನಿನ್ನ ಸಲುವಾಗಿ ಬಾಯಿ ಹೊಲಸು ಮಾಡಿಕೊಂಡೇನಿ, ಬದುಕು ಮತ್ತ," ಎಂದಳು.

ಹಿಂದೆ ಹೆಜ್ಜೆ ಸಪ್ಪಳವಾಯಿತು. ದೇವವ್ವ ಜ್ವರದ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದಳು. "ಅಕ್ಕಾ, ಗದಗಿನ ದವಾಖಾನ್ಯಾಗ ಕೈ ಬಿಟ್ಟಾರ. ಅಜ್ಜಾರು ಮತ್ತ ಕನಸಿನ್ಯಾಗ ಬಂದ್ರ, ಈ ಕೂಸು ಉಳೀತೈತೇನಂತ ಒಂದು ಮಾತು ಕೇಳ."

ಖೈರುನಬಿ ಕೂಸಿನ ಹಣೆ ಮುಟ್ಟಿದಳು. ಕಾದ ಹಂಚಿನಂತೆ ಸುಡುತ್ತಿತ್ತು. ಹುಲ್ಲಿನೊಳಗೆ ಮರಿ ಇನ್ನೂ ಕಾಣುತ್ತಿತ್ತು.

"ಕೇಳತೇನಿ ಯವ್ವಾ," ಎಂದಳು.